ಪೆಗ್ಗಿ ಗುಗನ್‌ಹೈಮ್ ಬಗ್ಗೆ ಮಾತನಾಡುವಾಗ ಬದುಕನ್ನು ಎಷ್ಟು ಹೇಳಬೇಕು, ಚಿತ್ರಗಳನ್ನು ಎಷ್ಟು?

ಹೇಮಾವತಿ ಓದುಗಿ (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ಕೆಲವು ಹೆಂಗಸರು ಸೇರಿ ತಿಂಗಳಿಗೊಮ್ಮೆ ನಡೆಸುವ ಓದಿನ ಬಳಗದಲ್ಲಿ, ಈ ವರ್ಷ ಪ್ರತಿಯೊಬ್ಬರೂ ತಮಗೆ ಕುತೂಹಲ ಹುಟ್ಟಿಸಿದ ಒಬ್ಬ ಮಹಿಳೆಯ ಬದುಕನ್ನು ಕುರಿತು ಒಂದು ಗಂಟೆ ಮಾತನಾಡಬೇಕೆಂದು ನಿಶ್ಚಯಿಸಿದ್ದೇವೆ. ನಾನು ಆಯ್ದುಕೊಂಡಿರುವುದು ಆಧುನಿಕ ಚಿತ್ರ ಮತ್ತು ಶಿಲ್ಪಗಳ ಸಂಗ್ರಾಹಕಿ ಪೆಗ್ಗಿ ಗುಗನ್‌ಹೈಮ್ ಅವರನ್ನು (1898–1979). ಹೆಸರು ಹೇಳಿದ ಕೂಡಲೇ ಬಳಗದ ಹಿರಿಯರೊಬ್ಬರು, "ಆಕೆಯ ಗಂಡಸರ ಪಟ್ಟಿ ಬಿಟ್ಟರೆ ಹೇಳುವುದಕ್ಕೆ ಇನ್ನೇನಿದೆಯಮ್ಮ?" ಎಂದು ನಕ್ಕರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ನಾನು ಓದಿದ ಬರಹಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಕೆಯ ಪ್ರಣಯಗಳು, ಮೂಗು, ಕಪ್ಪು ಕನ್ನಡಕ ಮತ್ತು ನಾಯಿಗಳ ಸುತ್ತಲೇ ಸುತ್ತುತ್ತವೆ.

ನನಗಿರುವ ಗೊಂದಲ ಹೀಗಿದೆ. ಚಿತ್ರಗಳನ್ನು ಆರಿಸುವ ಕಣ್ಣು ಆಕೆಗೆ ನಿಜವಾಗಿಯೂ ಇತ್ತೇ, ಅಥವಾ ಅಪ್ಪನ ದುಡ್ಡು ಮತ್ತು ತಿಳಿದವರ ಸಲಹೆ ಎರಡೂ ಒದಗಿದ್ದರಿಂದ ಸಂಗ್ರಹ ತಾನಾಗಿ ಬೆಳೆಯಿತೇ? ಖಾಸಗಿ ಬದುಕನ್ನು ಬದಿಗಿಟ್ಟು ಸಂಗ್ರಹದ ಕಥೆ ಹೇಳಿದರೆ ಅದು ಪ್ರಾಮಾಣಿಕವಾದೀತೇ? ನಮ್ಮ ಬಳಗದಲ್ಲಿ ಹೆಚ್ಚಿನವರು ಬೇಲೂರು, ಹಳೇಬೀಡುಗಳ ಶಿಲ್ಪವನ್ನು ಕಣ್ತುಂಬ ನೋಡಿಕೊಂಡು ಬೆಳೆದವರು. ಅಮೂರ್ತ ಚಿತ್ರವನ್ನು ಕಂಡರೆ ಮುಖ ತಿರುಗಿಸುವವರೇ ಜಾಸ್ತಿ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕೆಂದು ಕೋರುತ್ತೇನೆ.

ನಿವೃತ್ತ ಚಿತ್ರಕಲಾ ಮೇಷ್ಟ್ರು (ಚಿಕ್ಕಮಗಳೂರು)

ಒಳ್ಳೆಯ ಆಯ್ಕೆ ಮೇಡಂ. ಮೊದಲು ದುಡ್ಡಿನ ಪ್ರಶ್ನೆಯನ್ನೇ ಇತ್ಯರ್ಥ ಮಾಡೋಣ, ಏಕೆಂದರೆ ಗುಗನ್‌ಹೈಮ್ ಎಂಬ ಹೆಸರು ಕೇಳಿದವರೆಲ್ಲ ಆಕೆಯನ್ನು ಕುಬೇರನ ಮಗಳೆಂದು ತಿಳಿಯುತ್ತಾರೆ. ಆ ಮನೆತನ ಗಣಿ ಮತ್ತು ಲೋಹ ಕರಗಿಸುವ ಉದ್ಯಮದಿಂದ ಶ್ರೀಮಂತವಾದದ್ದು ನಿಜ. ಆದರೆ ಪೆಗ್ಗಿಯ ತಂದೆ ಬೆಂಜಮಿನ್ ಅಣ್ಣತಮ್ಮಂದಿರ ವ್ಯವಹಾರದಿಂದ ಹೊರಬಂದು ಸ್ವಂತ ಉದ್ಯಮದಲ್ಲಿ ಬಹಳಷ್ಟು ಕಳೆದುಕೊಂಡವನು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ ಅವನೂ ಮುಳುಗಿದ. ಪೆಗ್ಗಿಗೆ ಆಗ ಹದಿಮೂರು ವರ್ಷ. 1919ರಲ್ಲಿ ಇಪ್ಪತ್ತೊಂದು ತುಂಬಿದಾಗ ಕೈಗೆ ಬಂದದ್ದು ಸುಮಾರು ನಾಲ್ಕೂವರೆ ಲಕ್ಷ ಡಾಲರ್. ನಮಗದು ದೊಡ್ಡ ಮೊತ್ತವೇ, ಆದರೆ ನ್ಯೂಯಾರ್ಕಿನಲ್ಲಿ ಮುಂದೆ ವಸ್ತುಸಂಗ್ರಹಾಲಯವನ್ನೇ ಕಟ್ಟಿಸಿದ ದೊಡ್ಡಪ್ಪ ಸಾಲೊಮನ್ ಗುಗನ್‌ಹೈಮ್‌ನ ಎದುರು ಆಕೆ ಬಡ ನೆಂಟಳು. ಆ ಬಡ್ಡಿಯಲ್ಲೇ ಗಂಡ, ಮಕ್ಕಳು, ಸ್ನೇಹಿತರು, ಲೇಖಕಿ ಜ್ಯೂನಾ ಬಾರ್ನ್ಸ್‌ಗೆ ದಶಕಗಳ ಕಾಲ ಕಳುಹಿಸಿದ ಮಾಸಾಶನ, ಎಲ್ಲವೂ ನಡೆಯಬೇಕಿತ್ತು.

ಇನ್ನು ಕಣ್ಣಿನ ಪ್ರಶ್ನೆ. 1938ರ ಜನವರಿಯಲ್ಲಿ ಲಂಡನ್ನಿನ ಕಾರ್ಕ್ ಸ್ಟ್ರೀಟಿನಲ್ಲಿ ಗುಗನ್‌ಹೈಮ್ ಜೂನ್ ಎಂಬ ಗ್ಯಾಲರಿ ತೆರೆಯುವ ಹೊತ್ತಿಗೆ, ಆಧುನಿಕ ಕಲೆಯ ವಿಷಯದಲ್ಲಿ ಆಕೆಗೆ ಏನೇನೂ ತಿಳಿದಿರಲಿಲ್ಲ; ಇದನ್ನು ಆಕೆಯೇ ಬರೆದುಕೊಂಡಿದ್ದಾಳೆ. ಅಮೂರ್ತಕ್ಕೂ, ಕನಸಿನಂಥ ಲೋಕವನ್ನು ಬರೆಯುವ ಅತಿವಾಸ್ತವಕ್ಕೂ (ಸರ್ರಿಯಲಿಸಂ) ಇರುವ ಭೇದವನ್ನು ಹೇಳಿಕೊಟ್ಟವನು ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯೂಶಾಂ; ಯಾರ ಪ್ರದರ್ಶನ ಏರ್ಪಡಿಸಬೇಕೆಂದು ಹೇಳಿದವನೂ ಅವನೇ. ಆದ್ದರಿಂದ ಸಲಹೆಗಾರರಿಲ್ಲದೆ ಆಕೆ ಇಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆಕೆಯ ವರ್ಗದ ನೂರಾರು ಶ್ರೀಮಂತರು ಅದೇ ಪ್ಯಾರಿಸಿನಲ್ಲಿ, ಅದೇ ಕಲಾವಿದರ ಜೊತೆ ಊಟ ಮಾಡುತ್ತಿದ್ದರು. ಅವರಲ್ಲಿ ಎಷ್ಟು ಮಂದಿ ದ್ಯೂಶಾಂನ ಮಾತಿಗೆ ಕಿವಿಗೊಟ್ಟರು, ಕೊಟ್ಟರೂ ಎಷ್ಟು ಮಂದಿ ಮರುದಿನವೇ ಚೆಕ್ಕು ಬರೆದರು? ಯಾರನ್ನು ನಂಬಬೇಕೆಂದು ತಿಳಿಯುವುದೂ, ನಂಬಿದ ಮೇಲೆ ತಡಮಾಡದಿರುವುದೂ ಸಂಗ್ರಾಹಕರ ಕಸುಬಿನಲ್ಲಿ ಅರ್ಧ ಪಾಲು ಎಂದು ನನ್ನ ಅಭಿಪ್ರಾಯ.

ಗ್ಯಾಲರಿಯಲ್ಲಿ ಲಾಭವೇನೂ ಆಗಲಿಲ್ಲ. ಮೊದಲ ವರ್ಷವೇ ಸುಮಾರು ಆರುನೂರು ಪೌಂಡ್ ನಷ್ಟ. ಕಲಾವಿದರಿಗೆ ಬೇಸರವಾಗಬಾರದೆಂದು ಪ್ರತಿ ಪ್ರದರ್ಶನದಿಂದ ಒಂದಾದರೂ ಕೃತಿಯನ್ನು ತಾನೇ ಕೊಳ್ಳುತ್ತಿದ್ದಳು. ಸಂಗ್ರಹ ಶುರುವಾದದ್ದೇ ಹಾಗೆ. ಕಾಂಡಿನ್‌ಸ್ಕಿಯ ಮೊದಲ ಲಂಡನ್ ಏಕವ್ಯಕ್ತಿ ಪ್ರದರ್ಶನ ನಡೆದದ್ದು ಅಲ್ಲಿಯೇ. ಅದೇ ವರ್ಷ ಬ್ರಾಂಕೂಸಿ, ಆರ್ಪ್, ಕಾಲ್ಡರ್ ಮೊದಲಾದವರ ಶಿಲ್ಪಗಳನ್ನು ಬ್ರಿಟನ್ನಿಗೆ ತರಿಸಿದಾಗ ನಡೆದ ಪ್ರಸಂಗವನ್ನು ತಮ್ಮ ಭಾಷಣದಲ್ಲಿ ಖಂಡಿತ ಹೇಳಬೇಕು. ಅಲ್ಲಿನ ಸುಂಕದ ಕಾನೂನಿನಂತೆ, ಒಳಬರುವ ಕಲ್ಲು ಮರಗಳ ಕೆತ್ತನೆಗೆ ಸುಂಕದ ವಿನಾಯಿತಿ ಸಿಗಬೇಕಾದರೆ ಅದು ಕಲಾಕೃತಿಯೆಂದು ಟೇಟ್ ಗ್ಯಾಲರಿಯ ನಿರ್ದೇಶಕರು ದೃಢೀಕರಿಸಬೇಕಿತ್ತು. ಆಗಿನ ನಿರ್ದೇಶಕ ಮ್ಯಾನ್ಸನ್, ಇವು ಕಲೆಯೇ ಅಲ್ಲವೆಂದು ಸಹಿ ಹಾಕಲು ನಿರಾಕರಿಸಿದ. ಪತ್ರಿಕೆಗಳಲ್ಲಿ ಗಲಾಟೆಯಾಯಿತು, ವಿಷಯ ಸಂಸತ್ತಿನವರೆಗೂ ಹೋಯಿತು, ಕೊನೆಗೆ ಪೆಗ್ಗಿಯೇ ಗೆದ್ದಳು.

1939ರಲ್ಲಿ ಗ್ಯಾಲರಿ ಮುಚ್ಚಿ, ಕಲಾ ವಿಮರ್ಶಕ ಹರ್ಬರ್ಟ್ ರೀಡ್ ಜೊತೆ ಸೇರಿ ಲಂಡನ್ನಿನಲ್ಲಿ ಆಧುನಿಕ ಕಲೆಯ ಸಂಗ್ರಹಾಲಯವನ್ನೇ ತೆರೆಯಲು ಹೊರಟಳು. ಯಾರ ಯಾರ ಕೃತಿ ಬೇಕೆಂದು ರೀಡ್ ಪಟ್ಟಿ ಮಾಡಿಕೊಟ್ಟ. ಅಷ್ಟರಲ್ಲಿ ಯುದ್ಧ ಬಂದು ಸಂಗ್ರಹಾಲಯದ ಯೋಜನೆ ಬಿದ್ದುಹೋಯಿತು, ಪಟ್ಟಿ ಮಾತ್ರ ಕೈಯಲ್ಲಿ ಉಳಿಯಿತು. ಅದನ್ನು ಹಿಡಿದು ಪ್ಯಾರಿಸಿನಲ್ಲಿ ದಿನಕ್ಕೊಂದು ಚಿತ್ರ ಕೊಳ್ಳುವುದೆಂದು ಸಂಕಲ್ಪಿಸಿ ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದಳು. ಹಿಟ್ಲರ್ ನಾರ್ವೆಯ ಮೇಲೆ ದಂಡೆತ್ತಿ ಹೋದ ದಿನ, 1940ರ ಏಪ್ರಿಲ್‌ನಲ್ಲಿ, ಚಿತ್ರಕಾರ ಲೆಜೆಯ ಮನೆಗೆ ಹೋಗಿ 1919ರ ಒಂದು ದೊಡ್ಡ ಚಿತ್ರವನ್ನು ಕೊಂಡದ್ದನ್ನು ಕಂಡು ಲೆಜೆಯೇ ಬೆರಗಾದನಂತೆ. ಪಿಕಾಸೊ ಮಾತ್ರ, ಸಾಮಾನಿನ ಚೀಟಿ ಹಿಡಿದು ಬಂದವಳೆಂದು ಹಂಗಿಸಿ, ಒಳಉಡುಪಿನ ವಿಭಾಗ ಬೇರೆ ಮಹಡಿಯಲ್ಲಿದೆ ಎಂಬರ್ಥದ ಮಾತಾಡಿ ಕಳುಹಿಸಿದ.

ಕೊಂಡ ಚಿತ್ರಗಳನ್ನು ಬಾಂಬಿನಿಂದ ಕಾಪಾಡುವುದು ಹೇಗೆ? ಪ್ಯಾರಿಸಿನ ಲೂವ್ರ್ ಸಂಗ್ರಹಾಲಯ ಹಳ್ಳಿಗಾಡಿಗೆ ಸಾಗಿಸುತ್ತಿರುವ ಸಂಪತ್ತಿನ ಜೊತೆ ಇವಕ್ಕೂ ಜಾಗ ಕೊಡಬಹುದೇ ಎಂದು ಪೆಗ್ಗಿ ಕೇಳಿದಾಗ, ಉಳಿಸಿಕೊಳ್ಳುವಷ್ಟು ಯೋಗ್ಯತೆ ಇವುಗಳಿಗಿಲ್ಲವೆಂದು ಲೂವ್ರ್ ತೀರ್ಮಾನಿಸಿತು. ತಿರಸ್ಕೃತವಾದ ಆ ರಾಶಿಯಲ್ಲಿ ಕಾಂಡಿನ್‌ಸ್ಕಿ, ಕ್ಲೇ, ಬ್ರಾಕ್, ಮೊಂಡ್ರಿಯಾನ್, ಮಿರೊ, ಮ್ಯಾಗ್ರಿಟ್, ಡಾಲಿ ಇದ್ದರು. ಮೊದಲು ಒಂದು ಕಣಜದಲ್ಲಿ ಅಡಗಿಸಿಟ್ಟು, ಆಮೇಲೆ ಗ್ರೆನೊಬ್ಲ್‌ನ ಸಂಗ್ರಹಾಲಯಕ್ಕೆ ಸಾಗಿಸಿ, ಅಲ್ಲಿಂದ ಹಾಸಿಗೆ ಬಟ್ಟೆ, ಕಂಬಳಿ, ಅಡುಗೆ ಪಾತ್ರೆಗಳ ನಡುವೆ ತುರುಕಿ, ಗೃಹೋಪಯೋಗಿ ಸಾಮಾನು ಎಂದು ಬರೆಸಿ ಅಮೆರಿಕಕ್ಕೆ ಹಡಗು ಹತ್ತಿಸಿದರು. ಕಣ್ಣಿತ್ತೇ ಎಂಬ ತಮ್ಮ ಪ್ರಶ್ನೆಗೆ ಈ ಪೆಟ್ಟಿಗೆಗಳೇ ನನ್ನ ಉತ್ತರ.

ಹಳೇಬೀಡು ರಸ್ತೆ (ಹಾಸನ)

ಮೇಷ್ಟ್ರ ಮಾತಿಗೆ ಒಂದಿಷ್ಟು ಉಪ್ಪು ಬೆರೆಸುವ ಅಗತ್ಯವಿದೆ, ತಪ್ಪು ತಿಳಿಯಬಾರದು. ಯುದ್ಧದ ಹೊಸ್ತಿಲಲ್ಲಿ ಪ್ಯಾರಿಸಿನ ಕಲಾವಿದರೆಲ್ಲ ಊರು ಬಿಡಲು ಹಣಕ್ಕಾಗಿ ಪರದಾಡುತ್ತಿದ್ದಾಗ, ಡಾಲರ್ ಹಿಡಿದು ಬಂದ ಗಿರಾಕಿ ಆಕೆಯೊಬ್ಬಳೇ. ಸಂಗ್ರಹದ ತಿರುಳಿನಂತಿರುವ ಕೃತಿಗಳೆಲ್ಲ ನಲವತ್ತು ಸಾವಿರ ಡಾಲರಿನ ಆಸುಪಾಸಿನಲ್ಲಿ ಬಂದವೆಂದು ಹೇಳುತ್ತಾರೆ. ಬ್ರಾಂಕೂಸಿ ತನ್ನ ಹಕ್ಕಿಯ ಶಿಲ್ಪಕ್ಕೆ ನಾಲ್ಕು ಸಾವಿರ ಡಾಲರ್ ಕೇಳಿದಾಗ ಆಕೆ ಜಗಳವಾಡಿ ಎದ್ದುಹೋದಳು, ಬದಲಿಗೆ ಅವನದೇ ಹಳೆಯ ಮತ್ತೊಂದು ಹಕ್ಕಿಯನ್ನು ಬೇರೆಯವರಿಂದ ಸಾವಿರ ಡಾಲರಿಗೆ ತಂದಳು, ಕೊನೆಗೆ ಫ್ರಾಂಕ್‌ನಲ್ಲಿ ಪಾವತಿಸಿ ವಿನಿಮಯ ದರದ ಲಾಭ ಪಡೆದು ಮೊದಲು ಕೇಳಿದ್ದನ್ನೂ ತಂದಳು. ಆ ಶಿಲ್ಪವನ್ನು ಕೈಯಿಂದಲೇ ಉಜ್ಜಿ ಹೊಳಪು ಕೊಟ್ಟು ಒಪ್ಪಿಸುವಾಗ ಮುದುಕನ ಕಣ್ಣಲ್ಲಿ ನೀರಿತ್ತೆಂದು ಬರೆದವಳೂ ಆಕೆಯೇ. ಇದನ್ನು ಕಲೆಯ ರಕ್ಷಣೆ ಎನ್ನೋಣವೇ, ಅಗ್ಗದ ಸಂತೆ ಎನ್ನೋಣವೇ?

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ದೇವಾಲಯ ಕಟ್ಟಿಸಿದವರ ಹೆಸರಿನ ಜೊತೆಗೆ ಕೆತ್ತಿದವರ ಹೆಸರೂ ಉಳಿದಿದೆ. ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ ಮಲ್ಲಿತಮ್ಮ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತಮ್ಮ ಹೆಸರನ್ನು ಕಲ್ಲಿನಲ್ಲೇ ಬಿಟ್ಟುಹೋಗಿದ್ದಾರೆ. ಕೊಂಡವರ ಕಥೆಯನ್ನೇ ಹೇಳುತ್ತಾ ಹೋದರೆ ಮಾಡಿದವರು ಮರೆಗೆ ಸರಿಯುತ್ತಾರೆ. ಭಾಷಣದಲ್ಲಿ ಕನಿಷ್ಠ ಇಬ್ಬರು ಮೂವರು ಕಲಾವಿದರನ್ನಾದರೂ ನಿಲ್ಲಿಸಿ ಪರಿಚಯಿಸಬೇಕೆಂದು ನನ್ನ ಸಲಹೆ.

ಮೂಡಿಗೆರೆ ತೋಟದಾಕೆ

ಹಳೇಬೀಡು ರಸ್ತೆಯವರ ಆಕ್ಷೇಪಣೆ ನ್ಯಾಯವಾದದ್ದೇ, ಆದರೆ ಅರ್ಧ ಲೆಕ್ಕವನ್ನಷ್ಟೇ ಮುಂದಿಟ್ಟಿದ್ದಾರೆ. ಮಾರ್ಸೇಲ್ಸ್‌ನಲ್ಲಿದ್ದುಕೊಂಡು ನಾಜಿಗಳಿಂದ ಕಲಾವಿದರನ್ನು, ಲೇಖಕರನ್ನು ಪಾರುಮಾಡುತ್ತಿದ್ದ ವೇರಿಯನ್ ಫ್ರೈ ಅವರ ಸಮಿತಿಗೆ ಹಣ ಕೊಟ್ಟವರಲ್ಲಿ ಪೆಗ್ಗಿಯೂ ಒಬ್ಬರು. ಕವಿ ಆಂದ್ರೆ ಬ್ರೆತೋನ್ ಕುಟುಂಬದ ಪ್ರಯಾಣದ ಖರ್ಚನ್ನೂ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್‌ನ ಖರ್ಚನ್ನೂ ಅವರೇ ಭರಿಸಿದರು. ಸ್ವತಃ ಯಹೂದಿಯಾಗಿದ್ದು, ಜರ್ಮನ್ ಸೇನೆ ಪ್ಯಾರಿಸ್ ಹೊಕ್ಕುವ ಕೆಲವೇ ದಿನ ಮೊದಲು ಕಾರು ಹತ್ತಿ ಹೊರಟವರು, 1941ರ ಜುಲೈವರೆಗೂ ಮೊದಲು ಫ್ರಾನ್ಸ್‌ನಲ್ಲಿ, ಆಮೇಲೆ ಲಿಸ್ಬನ್ನಿನಲ್ಲಿ ಇದ್ದು, ಎಲ್ಲರನ್ನೂ ಕಟ್ಟಿಕೊಂಡೇ ವಿಮಾನ ಹತ್ತಿದರು.

ನನಗೆ ಹೆಚ್ಚು ಹಿಡಿಸಿದ್ದು ಅವರು ಜಾಕ್ಸನ್ ಪೊಲಾಕ್ ಜೊತೆ ಮಾಡಿಕೊಂಡ ಕರಾರು. 1943ರಲ್ಲಿ ಪೊಲಾಕ್ ಯಾರೂ ಕೇಳದ ಚಿತ್ರಕಾರ. ಪೆಗ್ಗಿಯ ದೊಡ್ಡಪ್ಪನ ಸಂಗ್ರಹಾಲಯದಲ್ಲಿ ಬಡಗಿ ಕೆಲಸ, ಕಾವಲು ಕೆಲಸ ಮಾಡಿಕೊಂಡಿದ್ದ. ಪೆಗ್ಗಿ ಅವನಿಗೆ ತಿಂಗಳಿಗೆ 150 ಡಾಲರ್ ಕೊಡಲು ಒಪ್ಪಿದರು. ವರ್ಷದ ಕೊನೆಗೆ 2,700 ಡಾಲರಿಗಿಂತ ಹೆಚ್ಚಿನ ಚಿತ್ರಗಳು ಮಾರಾಟವಾದರೆ, ಆಗ ಪೆಗ್ಗಿ ನ್ಯೂಯಾರ್ಕಿನಲ್ಲಿ ನಡೆಸುತ್ತಿದ್ದ ಗ್ಯಾಲರಿಯ ಮೂರನೆಯ ಒಂದು ಪಾಲನ್ನು ಕಳೆದು ಹೆಚ್ಚುವರಿ ಹಣ ಅವನಿಗೆ. ಕಡಿಮೆಯಾದರೆ ಆ ಕೊರತೆಯಷ್ಟು ಬೆಲೆಯ ಚಿತ್ರಗಳನ್ನು ಅವನು ಪೆಗ್ಗಿಗೆ ಕೊಡಬೇಕು. ಲೆಕ್ಕ ಹಾಕಿ ನೋಡಿ: ಹನ್ನೆರಡು ತಿಂಗಳಿಗೆ 1,800, ಗ್ಯಾಲರಿಯ ಪಾಲು 900, ಕೂಡಿದರೆ 2,700. ನಮ್ಮ ಕಡೆ ಪೇಟೆಯ ವ್ಯಾಪಾರಿ ಕೊಯ್ಲಿಗೆ ಮೊದಲೇ ತೋಟದವರಿಗೆ ಮುಂಗಡ ಕೊಟ್ಟು, ಫಸಲು ಕೈಗೆ ಬಂದ ಮೇಲೆ ಚುಕ್ತಾ ಮಾಡಿಕೊಳ್ಳುವ ಲೆಕ್ಕವೇ ಇದು. ಇಂಥ ಮುಂಗಡದಲ್ಲಿ ವ್ಯಾಪಾರಿಗೆ ಲಾಭವಿಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ಆ ಮುಂಗಡವಿಲ್ಲದಿದ್ದರೆ ಎಷ್ಟೋ ಚಿಕ್ಕ ಹಿಡುವಳಿದಾರರು ಕೊಯ್ಲಿನವರೆಗೆ ಉಳಿಯುತ್ತಲೇ ಇರಲಿಲ್ಲ. ಪೊಲಾಕ್ ಕಾವಲು ಕೆಲಸ ಬಿಟ್ಟು ಇಡೀ ದಿನ ಚಿತ್ರ ಬರೆಯಲು ಸಾಧ್ಯವಾದದ್ದು ಈ ಕರಾರಿನಿಂದ. ಆಮೇಲೆ ತಿಂಗಳ ಮೊತ್ತ 300 ಡಾಲರಿಗೆ ಏರಿತು. 1945ರಲ್ಲಿ ಅವನೂ ಮಡದಿ ಲೀ ಕ್ರಾಸ್ನರ್ ಅವರೂ ಲಾಂಗ್ ಐಲ್ಯಾಂಡಿನಲ್ಲಿ ಮನೆ ಕೊಳ್ಳಲು ಪೆಗ್ಗಿ ಎರಡು ಸಾವಿರ ಡಾಲರ್ ಸಾಲ ಕೊಟ್ಟರು. ಹದಿನೈದು ವರ್ಷ ಕಳೆದ ಮೇಲೆ, ಕರಾರಿನ ಅವಧಿಯ ಚಿತ್ರಗಳನ್ನು ತನಗೆ ತಿಳಿಸದೆ ಇಟ್ಟುಕೊಂಡಿದ್ದಾರೆಂದು ಅದೇ ಲೀ ಕ್ರಾಸ್ನರ್ ಮೇಲೆ ದಾವೆ ಹೂಡಿದ್ದೂ ಇವರೇ. ಅದು ಕೊನೆಗೆ ರಾಜಿಯಲ್ಲಿ ಮುಗಿಯಿತು. ಪೆಗ್ಗಿ ದಾನಶೂರೆಯೂ ಅಲ್ಲ, ಬಡ್ಡಿ ಸಾಹುಕಾರ್ತಿಯೂ ಅಲ್ಲ. ಪೈಸೆ ಪೈಸೆಗೆ ಲೆಕ್ಕ ಇಟ್ಟುಕೊಂಡೇ ಯಾರೂ ಮುಟ್ಟದ ಕಡೆ ದುಡ್ಡು ಹಾಕಿದ ಹೆಂಗಸು.

ನಮ್ಮ ಕಡೆಯ ಹಳೆಯ ಬಂಗಲೆಗಳಲ್ಲಿ ಜಿಂಕೆ ಕೊಂಬು, ಕಾಟಿಯ ತಲೆ, ಕಟ್ಟು ಹಾಕಿಸಿದ ರವಿವರ್ಮನ ಅಚ್ಚಿನ ಪಟಗಳು ಇಂದಿಗೂ ಸಿಗುತ್ತವೆ. ಒಳ್ಳೆಯ ಫಸಲು ಬಂದ ವರ್ಷ ಹೊಸ ಜೀಪು ತಂದವರನ್ನು ಬೇಕಾದಷ್ಟು ಕಂಡಿದ್ದೇನೆ. ಬದುಕಿರುವ ಚಿತ್ರಕಾರನೊಬ್ಬನ ಕ್ಯಾನ್ವಾಸ್ ತಂದವರನ್ನು ಕಂಡದ್ದು ಬಹಳ ಅಪರೂಪ. ಈ ಮಾತನ್ನು ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಸಂಜೆ ಕಾಲೇಜು (ಚಿಕ್ಕಮಗಳೂರು)

ಖಾಸಗಿ ಬದುಕಿನ ಪ್ರಶ್ನೆಗೆ ಇಲ್ಲಿಯವರೆಗೆ ಯಾರೂ ಕೈಹಾಕಿಲ್ಲವಾದ್ದರಿಂದ ನಾನು ಆ ಭಾಗವನ್ನು ಎತ್ತಿಕೊಳ್ಳುತ್ತೇನೆ. ಹೇಮಾವತಿ ಓದುಗಿಯವರೇ, ಅದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ತಮ್ಮ ಬಳಗದ ಹಿರಿಯರು ಚರ್ಚೆಯ ಹೊತ್ತಿಗೆ ಅದನ್ನೇ ಎತ್ತುತ್ತಾರೆ. 1946ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಪೆಗ್ಗಿಯೇ ಎಲ್ಲವನ್ನೂ, ಹೆಸರುಗಳನ್ನು ಅಷ್ಟಿಷ್ಟು ಬದಲಿಸಿ, ಬಿಚ್ಚಿಟ್ಟಿದ್ದಾರೆ. ನಿಜವಾದ ಹೆಸರುಗಳು ಬಂದದ್ದು 1979ರ ಆವೃತ್ತಿಯಲ್ಲಿ. ಮನೆತನ ಮುಜುಗರಪಟ್ಟಿತು, ವಿಮರ್ಶಕರು ಛೀ ಎಂದರು. ಆ ಕಾಲದ ಗಂಡು ಕಲಾವಿದರಲ್ಲಿ ಎಷ್ಟು ಮಂದಿಯ ಪ್ರಣಯಗಳನ್ನು ಅವರ ಪ್ರತಿಭೆಯ ಪುರಾವೆಯೆಂಬಂತೆ ಹೊಗಳಿ ಬರೆದಿಲ್ಲ? ಹೆಣ್ಣು ಬರೆದಾಗ ಮಾತ್ರ ಅದು ಚಾರಿತ್ರ್ಯದ ಪ್ರಶ್ನೆಯಾಯಿತು. ಇಪ್ಪತ್ತರ ಹರೆಯದಲ್ಲಿ ಮಾಡಿಸಿಕೊಂಡ ಮೂಗಿನ ಶಸ್ತ್ರಚಿಕಿತ್ಸೆ ಕೆಟ್ಟದ್ದನ್ನು ಹಿಡಿದುಕೊಂಡು ಸಾಯುವವರೆಗೂ ಹಂಗಿಸಿದವರಿದ್ದಾರೆ. ಗಂಡು ಸಂಗ್ರಾಹಕರ ಮೂಗಿನ ಬಗ್ಗೆ ನಾನು ಎಲ್ಲಿಯೂ ಓದಿಲ್ಲ.

ಆದರೆ ಅದೇ ಪುಸ್ತಕವನ್ನು ನಿಧಾನವಾಗಿ ಓದಿದರೆ, ಸ್ವಚ್ಛಂದದ ಕಥೆಯ ಒಳಗೆ ಬೇರೊಂದು ಕಥೆ ಕಾಣುತ್ತದೆ. 1922ರಲ್ಲಿ ಮದುವೆಯಾದ ಮೊದಲ ಗಂಡ ಲಾರೆನ್ಸ್ ವೇಲ್ ಸಿಟ್ಟು ಬಂದಾಗ ಕೈಮಾಡುತ್ತಿದ್ದ, ಮನೆಯ ಸಾಮಾನು ಒಡೆಯುತ್ತಿದ್ದ, ತಲೆಗೂದಲಿಗೆ ಜಾಮ್ ಬಳಿಯುತ್ತಿದ್ದ. ಇದನ್ನೆಲ್ಲ ಆಕೆ ತಮಾಷೆಯ ದನಿಯಲ್ಲಿ ಬರೆಯುತ್ತಾರೆ, ಓದುವವರಿಗೆ ನಗು ಬರುವುದಿಲ್ಲ. ನಂತರ ಬಂದ ಜಾನ್ ಹೋಮ್ಸ್ ಎಂಬಾತ 1934ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡ. ಗ್ಯಾಲರಿ ತೆರೆಯುವ ಯೋಚನೆ ಬಂದದ್ದು ಅದಾದ ಮೇಲೆಯೇ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಪ್ರತಿಭಾವಂತ ಗಂಡಸರ ಮನೆವಾರ್ತೆಯ ಖರ್ಚು ನೋಡಿಕೊಂಡಿದ್ದ ಹೆಂಗಸಿಗೆ, ತನ್ನದೇ ಎನ್ನಬಹುದಾದ ಕೆಲಸ ಸಿಕ್ಕಿದ್ದು ಆಗ. ಖಾಸಗಿ ಬದುಕು ಭಾಷಣದಲ್ಲಿ ಬರಬೇಕಾದದ್ದು ಈ ಕಾರಣಕ್ಕೆ; ಯಾರ ಯಾರ ಜೊತೆ ಎಂಬ ಎಣಿಕೆ ಯಾರಿಗೂ ಬೇಕಿಲ್ಲ.

ನ್ಯೂಯಾರ್ಕಿನಲ್ಲಿ 1942ರ ಅಕ್ಟೋಬರ್ 20ರಂದು ಆರ್ಟ್ ಆಫ್ ದಿಸ್ ಸೆಂಚುರಿ ಎಂಬ ಗ್ಯಾಲರಿ ತೆರೆದ ಸಂಜೆ, ಒಂದು ಕಿವಿಗೆ ಅಮೂರ್ತ ಶಿಲ್ಪಿ ಕಾಲ್ಡರ್ ಮಾಡಿಕೊಟ್ಟ ಓಲೆ, ಇನ್ನೊಂದಕ್ಕೆ ಅತಿವಾಸ್ತವದ ಚಿತ್ರಕಾರ ತಾಂಗಿ ಮಾಡಿಕೊಟ್ಟ ಓಲೆ ಹಾಕಿಕೊಂಡು ನಿಂತರು. ಅಮೂರ್ತ ಕಲೆಗೂ ಅತಿವಾಸ್ತವ ಕಲೆಗೂ ತಾನು ಪಕ್ಷಪಾತ ಮಾಡುವವಳಲ್ಲ ಎಂದು ತೋರಿಸುವುದಕ್ಕೆ. ವಾಸ್ತುಶಿಲ್ಪಿ ಫ್ರೆಡರಿಕ್ ಕೀಸ್ಲರ್ ರೂಪಿಸಿದ ಆ ಗ್ಯಾಲರಿಯ ಒಂದು ಕೋಣೆಯಲ್ಲಿ ಗೋಡೆಗಳು ಒಳಬಾಗಿದ್ದವು, ಚೌಕಟ್ಟಿಲ್ಲದ ಚಿತ್ರಗಳು ಮರದ ತೋಳುಗಳ ತುದಿಯಲ್ಲಿ ಗೋಡೆಯಿಂದ ಮುಂದೆ ಚಾಚಿಕೊಂಡಿದ್ದವು, ದೀಪಗಳು ಹೊತ್ತಿ ಆರುತ್ತಿದ್ದವು, ನಡುವೆ ರೈಲಿನ ಸದ್ದು ಬೇರೆ. ಇನ್ನೊಂದರಲ್ಲಿ ಚಿತ್ರಗಳು ಹಗ್ಗಗಳ ಮೇಲೆ ತೂಗುತ್ತಿದ್ದವು. 1943ರ ಜನವರಿಯಲ್ಲಿ ಅಲ್ಲಿ ಮೂವತ್ತೊಂದು ಮಹಿಳೆಯರ ಕೃತಿಗಳ ಪ್ರದರ್ಶನ ನಡೆಯಿತು. ಫ್ರೀಡಾ ಕಾಹ್ಲೊ, ಲಿಯೊನೋರಾ ಕ್ಯಾರಿಂಗ್ಟನ್, ಮೆರೆಟ್ ಓಪನ್‌ಹೈಮ್, ಲೂಯಿಸ್ ನೆವೆಲ್ಸನ್ ಅವರೆಲ್ಲ ಅದರಲ್ಲಿದ್ದರು. 1941ರ ಕೊನೆಗೆ ಪೆಗ್ಗಿಯನ್ನು ಮದುವೆಯಾಗಿದ್ದ ಮ್ಯಾಕ್ಸ್ ಅರ್ನ್ಸ್ಟ್, ಅದೇ ಪ್ರದರ್ಶನದ ಕಲಾವಿದೆ ಡೊರೊಥಿಯಾ ಟ್ಯಾನಿಂಗ್ ಜೊತೆ ಹೊರಟುಹೋದ. ಮೂವತ್ತಕ್ಕೇ ನಿಲ್ಲಿಸಬೇಕಿತ್ತು ಎಂದು ಪೆಗ್ಗಿ ಮುಂದೆ ಹೇಳುತ್ತಿದ್ದರಂತೆ.

ಹೊಗಳಿಕೆಗೆ ಸಿಗದ ಭಾಗವೂ ಒಂದಿದೆ. ಮಗಳು ಪೆಗೀನ್ ಸ್ವತಃ ಚಿತ್ರಕಾರ್ತಿ. ಅಮ್ಮನ ಊರೂರು ಅಲೆದಾಟ, ಬದಲಾಗುತ್ತಲೇ ಇದ್ದ ಮನೆಗಳ ನಡುವೆ ಬೆಳೆದವಳು. 1967ರಲ್ಲಿ ಪ್ಯಾರಿಸಿನಲ್ಲಿ, ಇನ್ನೂ ನಲವತ್ತೊಂದಕ್ಕೇ ತೀರಿಕೊಂಡಳು. ಪೆಗ್ಗಿ ಒಳ್ಳೆಯ ತಾಯಿಯಾಗಿದ್ದರೆಂದು ಅವರ ಅಭಿಮಾನಿಗಳೂ ವಾದಿಸುವುದಿಲ್ಲ. ಮಹಿಳೆಯರ ಬಳಗದಲ್ಲಿ ಈ ಮಾತು ಬಂದೇ ಬರುತ್ತದೆ. ತಾವಾಗಿಯೇ ಎತ್ತಿದರೆ ಉತ್ತಮ.

ಹೇಮಾವತಿ ಓದುಗಿ (ಹಾಸನ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ತೋಟದವರು ಬಿಡಿಸಿದ ಕರಾರಿನ ಲೆಕ್ಕವನ್ನು ಹಾಗೆಯೇ ಭಾಷಣದಲ್ಲಿ ಬಳಸಿಕೊಳ್ಳಲು ಅನುಮತಿ ಕೋರುತ್ತೇನೆ. ಇನ್ನೆರಡು ಸಣ್ಣ ಪ್ರಶ್ನೆಗಳಿವೆ. ಕಲಾವಿದರನ್ನೂ ಪರಿಚಯಿಸಬೇಕೆಂಬ ಸಲಹೆಯಂತೆ ಒಂದೇ ಒಂದು ಚಿತ್ರವನ್ನು ವಿವರವಾಗಿ ತೋರಿಸುವುದಾದರೆ ಯಾವುದು ಸೂಕ್ತ? ಮತ್ತು ವೆನಿಸ್‌ನ ಆ ಮನೆಯ ವಿಷಯ, ಆಕೆಗೆ ಭಾರತದ ಸಂಬಂಧವೇನಾದರೂ ಇತ್ತೇ ಎಂಬ ವಿಷಯ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಚಿತ್ರಕಲಾ ಮೇಷ್ಟ್ರು (ಚಿಕ್ಕಮಗಳೂರು)

ಒಂದೇ ಚಿತ್ರವಾದರೆ ಪೊಲಾಕ್‌ನ ಮ್ಯೂರಲ್. ನ್ಯೂಯಾರ್ಕಿನ ತನ್ನ ಮನೆಯ ಪ್ರವೇಶದ ಹಜಾರಕ್ಕಾಗಿ ಪೆಗ್ಗಿ ಅದನ್ನು 1943ರಲ್ಲಿ ಬರೆಸಿದಳು. ಗೋಡೆಯ ಮೇಲೆಯೇ ಬರೆದರೆ ಮನೆ ಬಿಡುವಾಗ ಚಿತ್ರವನ್ನೂ ಬಿಡಬೇಕಾಗುತ್ತದೆ, ಕ್ಯಾನ್ವಾಸಿನ ಮೇಲೆ ಬರೆಸು ಎಂದವನು ದ್ಯೂಶಾಂ. ಎತ್ತರ ಎಂಟಡಿ, ಉದ್ದ ಸುಮಾರು ಇಪ್ಪತ್ತಡಿ. ಪೊಲಾಕ್ ಇದನ್ನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದನೆಂಬ ದಂತಕಥೆಯಿದೆ; ಗೆಟ್ಟಿ ಸಂಸ್ಥೆಯವರು ಚಿತ್ರವನ್ನು ಶುಚಿಗೊಳಿಸುವಾಗ ಬಣ್ಣದ ಪದರಗಳನ್ನು ಪರೀಕ್ಷಿಸಿ, ಕೆಳಗಿನ ಪದರ ಒಣಗಿದ ಮೇಲೆ ಮೇಲಿನದು ಬಂದಿರುವ ಜಾಗಗಳನ್ನು ತೋರಿಸಿದ್ದಾರೆ, ಆದ್ದರಿಂದ ಆ ಕಥೆಯನ್ನು ಕಥೆಯೆಂದೇ ಹೇಳಿ. ಇಂದು ಬೆಲೆ ಕಟ್ಟಲಾಗದ ಆ ಚಿತ್ರವನ್ನು ಪೆಗ್ಗಿ ಅಯೋವಾ ವಿಶ್ವವಿದ್ಯಾಲಯಕ್ಕೆ ದಾನವಾಗಿ ಕೊಟ್ಟುಬಿಟ್ಟಳು. ಪ್ರೊಜೆಕ್ಟರಿನಲ್ಲಿ ಅಂಗೈಯಗಲ ತೋರಿಸಿದರೆ ಏನೂ ಅರ್ಥವಾಗದು. ಕೋಣೆಯ ಗೋಡೆಯುದ್ದಕ್ಕೂ ಇಪ್ಪತ್ತಡಿ ದಾರ ಕಟ್ಟಿ, ಇಷ್ಟು ದೊಡ್ಡದು ಎಂದು ತೋರಿಸಿ, ಆಮೇಲೆ ಚಿತ್ರ ಹಾಕಿ. ಅದರಲ್ಲಿ ಏನಿದೆ ಎಂದು ಕೇಳುವ ಬದಲು, ಎಡದಿಂದ ಬಲಕ್ಕೆ ಆ ಕಪ್ಪು ಗೀಟುಗಳ ಲಯವನ್ನು ಕಣ್ಣಿನಿಂದ ಹಿಂಬಾಲಿಸಲು ಹೇಳಿ. ಹಳೇಬೀಡಿನ ಆನೆಗಳ ಪಟ್ಟಿಕೆಯ ಉದ್ದಕ್ಕೂ ನಡೆದು ರೂಢಿಯಿರುವವರಿಗೆ ಅದು ಕಷ್ಟವಾಗಲಾರದು.

ಇನ್ನು ವೆನಿಸ್. 1947ರಲ್ಲಿ ನ್ಯೂಯಾರ್ಕಿನ ಗ್ಯಾಲರಿ ಮುಚ್ಚಿ ಅಲ್ಲಿಗೆ ಹೋದಳು. 1948ರಲ್ಲಿ ಅಲ್ಲಿನ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ, ಅಂತರ್ಯುದ್ಧದಲ್ಲಿ ಸಿಕ್ಕಿಕೊಂಡಿದ್ದ ಗ್ರೀಸ್ ದೇಶ ಬಾರದೆ ಖಾಲಿ ಉಳಿದಿದ್ದ ಮಂಟಪವನ್ನು ಆಕೆಯ ಸಂಗ್ರಹಕ್ಕೆ ಕೊಟ್ಟರು. ಯುರೋಪು ಪೊಲಾಕ್‌ನನ್ನು ಕಂಡದ್ದು ಅಲ್ಲಿ. ಮರುವರ್ಷ ದೊಡ್ಡ ಕಾಲುವೆಯ ದಂಡೆಯ ಪಲಾಜೊ ವೆನಿಯರ್ ದೇಯಿ ಲಿಯೋನಿ ಎಂಬ ಅರಮನೆಯನ್ನು ಕೊಂಡಳು. ಹದಿನೆಂಟನೆಯ ಶತಮಾನದಲ್ಲಿ ಶುರುವಾಗಿ ಒಂದೇ ಅಂತಸ್ತಿಗೆ ನಿಂತುಹೋದ ಕಟ್ಟಡವದು. ಸುತ್ತಲಿನ ಎತ್ತರದ ಅರಮನೆಗಳ ನಡುವೆ ಮೊಟಕಾಗಿ ಕಾಣುತ್ತದೆ. 1951ರಿಂದ ಬೇಸಿಗೆಯಲ್ಲಿ ವಾರದ ಕೆಲವು ಮಧ್ಯಾಹ್ನ ಜನರಿಗೆ ಬಾಗಿಲು ತೆರೆದಿರುತ್ತಿತ್ತು; ಮಲಗುವ ಕೋಣೆಯಲ್ಲಿ ಕಾಲ್ಡರ್ ಮಾಡಿಕೊಟ್ಟ ಬೆಳ್ಳಿಯ ಮಂಚದ ತಲೆಹಲಗೆ. ಕಾಲುವೆಯ ಕಡೆಯ ಜಗುಲಿಯಲ್ಲಿ ಮರಿನೊ ಮರಿನಿಯ ಕುದುರೆ ಸವಾರನ ಶಿಲ್ಪವಿದೆ. ಉಬ್ಬಿನಿಂತ ಸವಾರನ ಅಂಗವೊಂದನ್ನು ತಿರುಪಿನಿಂದ ಬಿಚ್ಚಿಡುವಂತೆ ಮಾಡಿಸಿದ್ದಳು. ಹಬ್ಬದ ದಿನ ಸನ್ಯಾಸಿನಿಯರ ದೋಣಿ ಆ ದಾರಿಯಲ್ಲಿ ಬರುವಾಗ ಬಿಚ್ಚಿಡುತ್ತಿದ್ದಳಂತೆ. ಹಾಸನದ ಬಳಗದಲ್ಲಿ ಇದನ್ನು ಹೇಳುವುದೋ ಬಿಡುವುದೋ ತಮ್ಮ ಧೈರ್ಯಕ್ಕೆ ಬಿಟ್ಟದ್ದು.

ಭಾರತದ ಸಂಬಂಧ ತೆಳುವಾದದ್ದು. ಐವತ್ತರ ದಶಕದಲ್ಲಿ ಸಿಲೋನಿಗೆ, ಅಲ್ಲಿಂದ ಭಾರತಕ್ಕೆ ಬಂದು ಊರೂರು ಸುತ್ತಿದಳು. ಇಲ್ಲಿನ ಆಧುನಿಕ ಚಿತ್ರಕಾರರಲ್ಲಿ ಆಕೆಗೆ ಹಿಡಿಸಿದವರು ಜಾಮಿನಿ ರಾಯ್. ಡಾರ್ಜಿಲಿಂಗಿನಲ್ಲಿ ತೇನ್ಸಿಂಗ್ ಅವರನ್ನು ಹುಡುಕಿಕೊಂಡು ಹೋದದ್ದು ಪರ್ವತದ ವಿಷಯಕ್ಕಲ್ಲ, ನಾಯಿಗಳ ವಿಷಯಕ್ಕೆ; ಇಬ್ಬರೂ ಲಾಸಾ ಆಪ್ಸೊ ತಳಿಯನ್ನು ಸಾಕಿದವರು. ಆಕೆಯ ಅಸ್ಥಿಭಸ್ಮವನ್ನು ಇಟ್ಟಿರುವುದೂ ಆ ಅರಮನೆಯ ತೋಟದಲ್ಲಿ, ತನ್ನ ನಾಯಿಗಳ ಸಮಾಧಿಯ ಪಕ್ಕದಲ್ಲೇ.

ಹಳೇಬೀಡು ರಸ್ತೆ (ಹಾಸನ)

ದಾರ ಕಟ್ಟುವ ಉಪಾಯ ಚೆನ್ನಾಗಿದೆ ಮೇಷ್ಟ್ರೇ. ಸಂಗ್ರಹ ಕೊನೆಗೆ ಯಾರಿಗೆ ಹೋಯಿತೆಂಬುದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಅದರ ಸುತ್ತ ಒಂದು ತಕರಾರೇ ನಡೆಯಿತು. 1938ರಲ್ಲಿ ಆಕೆ ತರಿಸಿದ ಶಿಲ್ಪಗಳನ್ನು ಕಲೆಯಲ್ಲವೆಂದಿದ್ದ ಅದೇ ಟೇಟ್, 1965ರಲ್ಲಿ ಆಕೆಯ ಸಂಗ್ರಹವನ್ನು ಪ್ರದರ್ಶನಕ್ಕಿಟ್ಟು, ಅದು ತನಗೇ ಬಂದೀತೆಂದು ಆಸೆಪಟ್ಟಿತ್ತು. ಆಕೆ ಕೊಟ್ಟದ್ದು ಮಾತ್ರ ದೊಡ್ಡಪ್ಪನ ಹೆಸರಿನ ಸಾಲೊಮನ್ ಗುಗನ್‌ಹೈಮ್ ಪ್ರತಿಷ್ಠಾನಕ್ಕೆ. 1970ರಲ್ಲಿ ಅರಮನೆಯನ್ನು, 1976ರಲ್ಲಿ ಸಂಗ್ರಹವನ್ನು. ಗ್ಯಾಲರಿಯವಳೆಂದು ಆಕೆಯನ್ನು ಕೀಳಾಗಿ ಕಂಡು ಪತ್ರ ಬರೆದಿದ್ದವರು ಆ ದೊಡ್ಡಪ್ಪನ ಸಲಹೆಗಾರ್ತಿ ಹಿಲ್ಲಾ ರಿಬೇ. ನ್ಯೂಯಾರ್ಕಿನ ಆ ಸಂಗ್ರಹಾಲಯವನ್ನು ದೊಡ್ಡಪ್ಪನ ಕಾರಿನ ಗ್ಯಾರೇಜು ಎಂದು ಗೇಲಿ ಮಾಡುತ್ತಿದ್ದವಳೂ ಈಕೆಯೇ. 1979ರ ಡಿಸೆಂಬರ್ 23ರಂದು ಆಕೆ ತೀರಿಕೊಂಡ ಮೇಲೆ ಪ್ರತಿಷ್ಠಾನ ಅರಮನೆಯನ್ನು ಪೂರ್ಣಪ್ರಮಾಣದ ಸಂಗ್ರಹಾಲಯ ಮಾಡಿತು.

ಬೇರೆಯವರು ದಾನ ಕೊಟ್ಟ ಕೃತಿಗಳನ್ನೂ ಅಲ್ಲಿ ತೂಗುಹಾಕಿ, ಆಕೆ ಜೋಡಿಸಿದ್ದ ಅನೇಕ ಕೃತಿಗಳನ್ನು 'ಉಗ್ರಾಣ'ಕ್ಕೆ ಸರಿಸಿದ್ದಾರೆಂದು ಮೊಮ್ಮಕ್ಕಳಲ್ಲಿ ಕೆಲವರು ಪ್ಯಾರಿಸಿನ ನ್ಯಾಯಾಲಯದ ಮೆಟ್ಟಿಲೇರಿದರು. 2014ರಲ್ಲಿ ಆ ದಾವೆ ವಜಾ ಆಯಿತು. ಕಾನೂನಿನಲ್ಲಿ ಪ್ರತಿಷ್ಠಾನ ಗೆದ್ದಿರಬಹುದು. ನನ್ನ ಮಟ್ಟಿಗೆ ಮೊಮ್ಮಕ್ಕಳ ವಾದವೇ ಸರಿ. ಬಿಡಿಬಿಡಿಯಾಗಿ ಆ ಚಿತ್ರಗಳು ಅವುಗಳನ್ನು ಬರೆದವರವು. ಆಕೆಯದು ಎನ್ನಬಹುದಾದದ್ದು ಯಾವುದರ ಪಕ್ಕದಲ್ಲಿ ಯಾವುದು ಇರಬೇಕೆಂಬ ಆ ಜೋಡಣೆಯೊಂದೇ. ಅರಮನೆಯ ಹಳೆಯ ಛಾಯಾಚಿತ್ರಗಳು ಹೇರಳವಾಗಿ ಸಿಗುತ್ತವೆ. ಈಗಿನವುಗಳ ಬದಲು ಅವನ್ನೇ ತೋರಿಸಿ ಮೇಡಂ.